ಬೆನ್ನ ಹಿಂದಿನ ಅಂಗೈ

ಸಂಗಪ್ಪ ಕಾಕಾ ಅವರ ಗದೆ ಲಿಫ್ಟಿನಲ್ಲಿ ಹೋಗುತ್ತಿತ್ತು, ಕಾಕಾ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಆ ಬಿಲ್ಡಿಂಗಿನ ಲಿಫ್ಟ್‌ಮ್ಯಾನ್ ಅವರೇ. ಮುಂಬೈಯ ಸಯನ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ, ಏಳು ಮಾಳಿಗೆಯ ಹಳೇ ಕಟ್ಟಡ ಅದು. ಗದೆ ಹೊತ್ತು ಹತ್ತಿದರೆ ಮೆಟ್ಟಿಲಿನ ಅಂಚು ಒಡೆಯುತ್ತದೆ ಎಂದು ಸೊಸೈಟಿಯವರು ಎಂದೋ ತಕರಾರು ಮಾಡಿದ್ದರಂತೆ. ಅದಕ್ಕೇ ಬೆಳಗಿನ ಐದೂವರೆಗೆ, ಡ್ಯೂಟಿ ಶುರುವಾಗುವ ಮೊದಲು, ಬಿದಿರಿನ ಕೋಲಿಗೆ ಸಿಕ್ಕಿಸಿದ ದುಂಡು ಕಲ್ಲಿನ ಗದೆಯನ್ನು ಲಿಫ್ಟಿನ ಮೂಲೆಗೆ ಒರಗಿಸಿ, ಜಾಳಿಗೆಯ ಎರಡೂ ಬಾಗಿಲು ಎಳೆದು, ತಾವು ಏಳನೆಯ ಮಾಳಿಗೆಯವರೆಗೆ ಹತ್ತಿ ಹೋಗಿ, ಅಲ್ಲಿಂದ ಗುಂಡಿ ಒತ್ತಿ ಲಿಫ್ಟನ್ನು ಕರೆಸಿಕೊಳ್ಳುತ್ತಿದ್ದರು. ನಡುವೆ ಯಾರಾದರೂ ಗುಂಡಿ ಒತ್ತಿದರೆ ಗದೆ ಅವರ ಮಾಳಿಗೆಯಲ್ಲೇ ನಿಂತುಬಿಡುತ್ತಿತ್ತು. ಒಂದು ಶನಿವಾರ ಹಾಲು ತರಲು ಹೊರಟ ನಾಲ್ಕನೆಯ ಮಾಳಿಗೆಯ ಅಜ್ಜಿಯೊಬ್ಬರು ಬಾಗಿಲು ತೆರೆದು, ಒಳಗೆ ಗದೆಯೊಂದೇ ನಿಂತಿರುವುದನ್ನು ಕಂಡು, ಚಪ್ಪಲಿ ಬಿಟ್ಟು ಕೈಮುಗಿದು, ಮೆಟ್ಟಿಲಿಳಿದು ಹೋದರಂತೆ.

"ಲಿಫ್ಟು ಮುದುಕರಿಗಿ, ಬಸರ ಹೆಣಮಕ್ಕಳಿಗಿ, ಮತ್ತ ಗದಾಕ್ಕ. ನನಗ ಕಾಲ ಅದಾವಲ್ಲ," ಎನ್ನುತ್ತಿದ್ದರು ಕಾಕಾ. ಆಗ ಅವರಿಗೆ ಅರವತ್ತು ದಾಟಿತ್ತು. ಎತ್ತರದ ಆಳಲ್ಲ. ಕುಸ್ತಿಯಲ್ಲಿ ಮುದುರಿದ ಎರಡು ಕಿವಿ, ಖಾಕಿ ಅಂಗಿಯ ಮೇಲಿನ ಗುಂಡಿ ಹಾಕಲು ಬಿಡದ ಕುತ್ತಿಗೆ. ದಿನವಿಡೀ ಲಿಫ್ಟಿನೊಳಗಿನ ಸಣ್ಣ ಸ್ಟೂಲಿನ ಮೇಲೆ ಕೂತು ಬಾಗಿಲು ಎಳೆಯುವುದು, ತೆಗೆಯುವುದು. ಆ ಕೆಲಸದ ಬಗ್ಗೆ ಅವರಿಗೆ ಗದೆಯಷ್ಟೇ ಅಭಿಮಾನ. "ಇಪ್ಪತ್ತೆಂಟು ವರ್ಷ ಆತು. ಒಬ್ಬರ ಸೆರಗ ಸಿಕ್ಕಿಲ್ಲ, ಒಂದು ಕೂಸಿನ ಬಟ್ಟು ಸಿಕ್ಕಿಲ್ಲ ನನ್ನ ಬಾಗಲಾಗ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಬಟ್ಟು ಎಂದರೆ ಅವರ ಮಾತಿನಲ್ಲಿ ಬೆರಳು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಅದನ್ನು ಹಾಳು ಮಾಡಿದವನು ನಾನು.

ನಾನು ಹೊಟ್ಟೆಪಾಡಿಗೆ ಗದೆ ತಿರುಗಿಸುವವನು. ನನ್ನದು ಸ್ಟೀಲಿನ ಗದೆ. ವಿಲೆ ಪಾರ್ಲೆಯ ಜಿಮ್ಮೊಂದರಲ್ಲಿ ಕಾಲೇಜಿನ ಹುಡುಗರಿಗೆ, ಬೆನ್ನು ಹಿಡಿದುಕೊಂಡ ಆಫೀಸಿನವರಿಗೆ ಕಲಿಸುತ್ತೇನೆ. ಅಲ್ಲಿ ಎಲ್ಲರಿಗೂ ನಾನು ಅರ್ಜುನ್ ಸರ್. ಮನೆಯಲ್ಲಿ ಮಲ್ಲಿಕಾರ್ಜುನ, ಅವ್ವನಿಗೆ ಮಲ್ಲೂ. ಅಪ್ಪ ವಿಜಯಪುರದಿಂದ ನೌಕರಿಗೆಂದು ಈ ಊರಿಗೆ ಬಂದವರು. ಅವ್ವ ಹಟ ಹಿಡಿದು ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದರಿಂದ ಈಗ ಇಷ್ಟು ಬರೆಯಲಾದರೂ ಬರುತ್ತಿದೆ. ಗೋಡೆಯ ಮೇಲೆ ನನ್ನ ಮೂರು ಸರ್ಟಿಫಿಕೇಟುಗಳಿದ್ದವು. ಮುಂಬೈಯಲ್ಲಿ ಗದೆಯ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಹಮ್ಮೂ ಇತ್ತು. ಬಲ ಭುಜದಲ್ಲಿ ಮಾತ್ರ ಒಂದು ನೋವಿತ್ತು. ಗದೆ ಬೆನ್ನ ಹಿಂದಿನಿಂದ ಸುತ್ತಿ ಬರುವಾಗ ಒಳಗೆಲ್ಲೋ ಕಟಕ್ ಎನ್ನುತ್ತಿತ್ತು. ಕಲಿಸುವವನೇ ನೋಯುತ್ತಿದ್ದಾನೆಂದರೆ ಕಲಿಯಲು ಯಾರು ಬರುತ್ತಾರೆ? ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಆರನೆಯ ಮಾಳಿಗೆಯ ಡಾಕ್ಟರೊಬ್ಬರಿಗೆ ಮನೆಯಲ್ಲೇ ಕಲಿಸಲು ಆ ಬಿಲ್ಡಿಂಗಿಗೆ ಹೋದಾಗ ಕಾಕಾ ಸಿಕ್ಕರು. ಲಿಫ್ಟಿನಲ್ಲಿ ನನ್ನ ಉದ್ದನೆಯ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಸಾತ್ ಕಿಲೋ?" ಎಂದರು. ಸರಿಯಾಗಿ ಏಳೇ ಕಿಲೋ ಇತ್ತು. ಅಷ್ಟರಲ್ಲಿ ಅವ್ವನ ಫೋನು ಬಂತು. "ಹೂಂ ಅವ್ವಾ, ಉಂಡೀನಿ," ಎಂದು ಇಟ್ಟೆ. ಕಾಕಾ ಅವರ ಮುಖವೇ ಬೇರೆಯಾಯಿತು.

"ಯಾವೂರಾವ್ರು?"

"ಬಿಜಾಪುರ್ರೀ. ಅಂದ್ರ, ನಮ್ಮಪ್ಪಾರ ಊರು."

"ನಾವು ಇಂಡಿ ಕಡೆಯಾವ್ರು. ಅಲ್ರೀ, ಇದೇನು ಕಬ್ಬಣದ ಗದಾ? ಹನಮಪ್ಪ ಫ್ಯಾಕ್ಟರಿ ಕೆಲಸಕ್ಕ ಹೊಂಟಾನೇನು?"

ನನಗೆ ರೇಗಿತು. ಸ್ಟೀಲಿನ ಗದೆಯ ತೂಕದ ಲೆಕ್ಕ, ಹಿಡಿಕೆಯ ಲೆಕ್ಕ ಎಂದು ಏನೇನೋ ಹೇಳಿದೆ. ಅವರು ಎಲ್ಲವನ್ನೂ ಕೇಳಿ, "ಹೌದೇನು, ಹೌದೇನು," ಎನ್ನುತ್ತಾ ಆರನೆಯ ಮಾಳಿಗೆಯಲ್ಲಿ ಬಾಗಿಲು ತೆಗೆದು, "ನಾಳೆ ಮುಂಜಾನೆ ಟೆರೇಸಿಗಿ ಬರ್ರಿ. ತಿರಗಿಸಿ ತೋರಸ್ರಿ. ನಾನೂ ಹೊಸಾದು ನೋಡಿದಂಗ ಆಗ್ತೈತಿ," ಎಂದರು.

ಆ ಮುದುಕನಿಗೆ ನಾಲ್ಕು ಪಟ್ಟು ಕಲಿಸಿ ಬರೋಣ ಎಂದೇ ಹೋದೆ, ಸುಳ್ಳೇಕೆ ಹೇಳಲಿ. ಟೆರೇಸಿನ ಮೇಲೆ ನೀರಿನ ಟಾಕಿಗಳ ನಡುವೆ ಒಂದು ಹಾಸಿಗೆಯಷ್ಟು ಜಾಗವನ್ನು ಗುಡಿಸಿ ಇಟ್ಟಿದ್ದರು. ಹತ್ತು ಸುತ್ತು ತಿರುಗಿಸಿ, ಉಸಿರು ಬಿಗಿಹಿಡಿದು, ಚಪ್ಪಾಳೆಗೆ ಕಾದು ನಿಂತೆ. ಕಾಕಾ ಟಾಕಿಯ ಕಟ್ಟೆಯ ಮೇಲೆ ಕೂತಿದ್ದವರು, "ಛಲೋ ತಿರಗಸ್ತೀರಿ. ಬಲ ಭುಜಾ ಎಷ್ಟು ದಿನದಿಂದ ನೋಯಾಕತ್ತೈತಿ?" ಎಂದು ಕೇಳಿದರು.

ಎರಡು ವರ್ಷ ಮುಚ್ಚಿಟ್ಟಿದ್ದನ್ನು ಈ ಮನುಷ್ಯ ಹತ್ತು ಸುತ್ತಿನಲ್ಲಿ ಕಂಡುಹಿಡಿದಿದ್ದ! ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ತಮ್ಮ ಕಲ್ಲಿನ ಗದೆ ತೆಗೆದುಕೊಂಡರು. "ನೀವು ಹಿಂದ ಒಗೀತೀರಿ, ಒಗದು ಮುಂದ ಜಗ್ತೀರಿ. ಬೆನ್ನ ಹಿಂದ ಅದಕ್ಕ ಮನಿ ಇಲ್ಲ. ಒಂದು ಗಳಿಗಿ ಕುಂಡ್ರಾಕ ಜಾಗಾ ಕೊಡ್ರಿ ಅದಕ್ಕ, ಪಾಪ." ಹೀಗೆಂದು ತಿರುಗಿಸಿ ತೋರಿಸಿದರು. ಗದೆ ಬಲ ಭುಜದ ಮೇಲಿನಿಂದ ಹಿಂದಕ್ಕೆ ಇಳಿಯಿತು. ನಾನು ಮಾಡುವಂತೆ ಎಡಕ್ಕೆ ದಾಟಲಿಲ್ಲ. ಬೆನ್ನಹುರಿಯ ಗುಂಟ ಕೆಳಗೆ ಬಂದು, ಸೊಂಟದ ಹತ್ತಿರ ಒಂದು ಉಸಿರಿನಷ್ಟು ಹೊತ್ತು ತೂಗಿತು. ಆಮೇಲೆ ಬಂದ ದಾರಿಯಲ್ಲೇ ಅರ್ಧ ಹಿಂದೆ ಹೋಗಿ, ಮತ್ತೆ ಇಳಿದು, ತಾನಾಗಿ ಎಡ ಭುಜ ಹತ್ತಿ ಮುಂದೆ ಬಂತು. ತೊಟ್ಟಿಲು ತೂಗಿದ ಹಾಗೆ. ಅವರು ಅದನ್ನು ಕರೆಯುತ್ತಿದ್ದುದೂ "ತೊಟ್ಟಲಾ" ಎಂದೇ. ಹದಿನಾಲ್ಕು ಕಿಲೋ ಕಲ್ಲು, ಅರವತ್ತು ದಾಟಿದ ಭುಜ, ಒಂದು ಚೂರೂ ಸದ್ದಿಲ್ಲ.

ನಾನು ಬಗ್ಗಿ ಕಾಲು ಮುಟ್ಟಲು ಹೋದೆ. ಅವರು ಮೊಣಕೈ ಹಿಡಿದು ಎಬ್ಬಿಸಿದರು.

"ಬ್ಯಾಡ ತಮ್ಮಾ. ನೀನೂ ತಿರಗಸಾಂವ, ನಾನೂ ತಿರಗಸಾಂವ. ಗರಡಿಮನ್ಯಾಗ ಗುರು ಅಂದ್ರ ಹನಮಪ್ಪ ಒಬ್ಬನ. ಉಳದಾವ್ರೆಲ್ಲಾ ಜೋಡಿ. ನಾ ನಿನಗ ತೊಟ್ಟಲಾ ತೋರಸ್ತೀನಿ, ನೀ ನನಗ ನಿನ್ನ ಕಬ್ಬಣದ್ದು ತೋರಸು."

'ರೀ' ಹೋಗಿ 'ನೀ' ಬಂದದ್ದು ಅವತ್ತೇ. ಮಾತಿನಂತೆ ಅವರು ನನ್ನಿಂದಲೂ ಕಲಿತರು. ಸ್ಟೀಲಿನ ಗದೆಯನ್ನು ಒಂದೇ ಕೈಯಲ್ಲಿ ಹಿಡಿದು ಮಣಿಕಟ್ಟಿನಿಂದ ತಿರುವುವುದೊಂದು ಪಟ್ಟು ಇದೆ. ಅದು ಬಂದ ದಿನ ಏಳು ಮಾಳಿಗೆ ಇಳಿಯುವಾಗ ಎದುರಿಗೆ ಸಿಕ್ಕ ಪೇಪರಿನವನಿಗೂ ಬರಿಗೈಯಲ್ಲೇ ಮಾಡಿ ತೋರಿಸಿದರು. "ನಾ ಗುರು ಅಲ್ಲ" ಎಂಬ ಅವರ ಆ ಮಾತನ್ನು ನಾನು ಆಮೇಲೆ ಎಷ್ಟು ಅಗ್ಗವಾಗಿ ಬಳಸಿಕೊಂಡೆ ಎಂಬುದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತೊಟ್ಟಿಲು ನೋಡಿದಷ್ಟು ಸುಲಭವಲ್ಲ. ಬೆನ್ನ ಹಿಂದೆ ಏನಾಗುತ್ತಿದೆ ಎಂದು ತಿರುಗಿಸುವವನಿಗೆ ಕಾಣುವುದಿಲ್ಲ. ಕಾಕಾ ಕಲಿಸುತ್ತಿದ್ದ ರೀತಿಯೇ ಬೇರೆ. ನನ್ನ ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತು, ಸೊಂಟದ ಮಟ್ಟದಲ್ಲಿ ತಮ್ಮ ಬಲ ಅಂಗೈಯನ್ನು ಬಿಚ್ಚಿ ಹಿಡಿಯುತ್ತಿದ್ದರು. ಗದೆಯ ಗುಂಡು ಇಳಿದು ಬಂದು ಅವರ ಅಂಗೈಯನ್ನು ಮೆಲ್ಲಗೆ ಮುಟ್ಟಿ ಹಿಂದಕ್ಕೆ ಹೋಗಬೇಕು. ಒಂದು ಗೇಣು ಹೆಚ್ಚು ಬಂದರೆ ಕೈ ಜಜ್ಜಿಹೋಗುತ್ತದೆ. ಕಡಿಮೆ ಬಂದರೆ ಕಲಿತಂತಾಗುವುದಿಲ್ಲ.

"ಕಾಕಾ, ಕೈ ತಗೀರಿ, ದಿಂಬು ಇಡೋಣ," ಎಂದೆ ಮೊದಲ ದಿನ, ಹೆದರಿ.

"ದಿಂಬಿಗಿ ಬಡದ್ರ ನಿನಗೇನು ನೋವು? ಹಿಂದ ಮನಷ್ಯಾನ ಕೈ ಐತಿ ಅಂತ ಗೊತ್ತಿದ್ರ ನಿನ್ನ ಭುಜಾ ತಾನ ಹದಕ್ಕ ಬರ್ತೈತಿ."

ನಿಜಕ್ಕೂ ಹಾಗೇ ಆಯಿತು. ಎಂಟನೆಯ ದಿನಕ್ಕೆ ಕಟಕ್ ಎನ್ನುವುದು ನಿಂತಿತು. ಆ ಅಂಗೈ ಹಿಂದಿದೆ ಎಂಬ ಒಂದೇ ಅರಿವು, ಮೂರು ಸರ್ಟಿಫಿಕೇಟು ಕಲಿಸದ್ದನ್ನು ನನ್ನ ಭುಜಕ್ಕೆ ಕಲಿಸಿತು.

ತಾವು ಕಲಿತ ಕತೆಯನ್ನೂ ಅವರು ಹೇಳಿದ್ದರು. ಊರಿನ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ಅವರ ವಸ್ತಾದರೂ ಹೀಗೇ ಅಂಗೈ ಹಿಡಿದು ನಿಲ್ಲುತ್ತಿದ್ದರಂತೆ. ಒಂದು ದಿನ ಹುಡುಗ ಸಂಗಪ್ಪ ಜೋರು ಮಾಡಿ ಅವರ ಕೈಗೆ ಬಡಿದುಬಿಟ್ಟ.

"ನಮ್ಮ ಗರಡಿದೊಂದು ರಿವಾಜು ಐತಿ. ಯಾರ ಗದಾ ವಸ್ತಾದರ ಅಂಗೈಗೆ ಬಡೀತೈತೋ, ಆ ಕೈ ನೆಟ್ಟಗ ಆಗೂ ತನಕ ಅವರ ಮನಿ ನೀರು ಅಂವನ ತುಂಬಬೇಕು. ನಾ ಸಂಜಿಮುಂದ ಅವ್ರ ಮನಿಗಿ ಹೋಗಿ, ಅವ್ರ ಹೇಣ್ತಿ ಮುಂದ ನಿಂತು, 'ನನ್ನ ಕೈಲೆ ಆತ್ರೀ ಅವ್ವಾರ' ಅಂದೆ. ಆಕಿ ಬೈಲಿಲ್ಲ, ಏನಿಲ್ಲ. ಒಳಗಿಂದ ಖಾಲಿ ಕೊಡಾ ತಂದು ಬಾಗಲದಾಗ ಇಟ್ಳು. ಮುಗೀತು. ನಲವತ್ತು ದಿನಾ ಬಾವಿಯಿಂದ ನೀರು ಹೊತ್ತೆ ನೋಡು. ಆಮ್ಯಾಲ ಆ ಮನ್ಯಾಗ ನನಗೂ ಒಂದು ತಾಟು ಇಡಾಕ ಹತ್ತಿದ್ರು."

"ನನ್ನಿಂದ ಹಂಗೇನರ ಆದ್ರ, ಕಾಕಾ?" ಎಂದು ನಾನು ನಕ್ಕೆ.

"ಆದ್ರ ನಮ್ಮ ಗಂಗವ್ವ ಕೊಡಾ ಇಡ್ತಾಳ, ನೀ ನಳದ ಮುಂದ ಪಾಳಿ ಹಚ್ಚು. ಚಾಳಿನ ಹೆಣಮಕ್ಕಳ ಜೊತಿ ಜಗಳಾಡಿ ನೀರು ತರೂದಂದ್ರ ಗದಾ ತಿರಗಿಸಿದ್ಹಂಗಲ್ಲ ಮತ್ತ!"

ಗಂಗವ್ವ ಕಾಕು ಅವರ ಹೆಂಡತಿ. ಸ್ಟೇಷನ್ನಿನ ಆಚೆ ಚಾಳಿನಲ್ಲಿ, ಮೊದಲ ಮಾಳಿಗೆಯಲ್ಲಿ ಅವರದೊಂದು ಖೋಲಿ. ಕೆಳಗೆ ಎಲ್ಲರಿಗೂ ಸೇರಿ ಒಂದೇ ನಳ, ಬೆಳಗ್ಗೆ ಒಂದು ತಾಸು ನೀರು. ಕಾಕಾ ಗದೆ ತಿರುಗಿಸಿ ಬಂದು, ಎರಡು ಕೈಯಲ್ಲಿ ಎರಡು ಕೊಡ ಹಿಡಿದು ನಾಲ್ಕು ಸಲ ಮೇಲೆ ಕೆಳಗೆ ಮಾಡಿ, ಆಮೇಲೆ ಖಾಕಿ ಹಾಕಿಕೊಂಡು ಡ್ಯೂಟಿಗೆ ಹೋಗುವುದು ಎಷ್ಟೋ ವರ್ಷದ ರೂಢಿ. ನಾನೂ ಜೊತೆಗೆ ಹೋಗಿ ಕಾಕು ಬಡಿದು ಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದದ್ದುಂಟು. "ಇಬ್ಬರೂ ಕೂಡಿ ಗಾಳಿಗಿ ಹೊಡೀತೀರಿ, ಹಸಿವು ಮಾತ್ರ ಖರೇನ ಆಗ್ತೈತಿ ನೋಡ್ರಿ," ಎಂದು ಆಕೆ ಹಂಗಿಸುತ್ತಿದ್ದರು.

ಮೂರನೆಯ ತಿಂಗಳು. ತೊಟ್ಟಿಲು ನನಗೆ ಪೂರ್ತಿ ಕೂತಿತ್ತು. ಇದನ್ನು ಒಂದು ರೀಲ್ ಮಾಡಿದರೆ ಹೇಗೆ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಕಾಕಾ, "ಹೊಡಿ ಫೋಟೋ," ಎಂದು ಮೀಸೆ ನೇವರಿಸಿಕೊಂಡರು. ಟಾಕಿಗೆ ಫೋನು ಒರಗಿಸಿ ಶುರು ಮಾಡಿದೆ. ಏಳು ಕಿಲೋ ಗದೆಯಲ್ಲಿ ಎಂಟು ಸುತ್ತು, ಎಂಟೂ ಸರಿಯಾಗಿ ಅಂಗೈ ಮುಟ್ಟಿದವು. ಫೋನಿನಲ್ಲಿ ನೋಡಿದರೆ ತೀರಾ ಸಪ್ಪೆ. ಜನ ಇಷ್ಟು ನಿಧಾನದ್ದನ್ನು ನೋಡುವುದಿಲ್ಲ ಎಂದುಕೊಂಡೆ. ಚೀಲದಿಂದ ಹತ್ತು ಕಿಲೋದ್ದನ್ನು ತೆಗೆದೆ. ಕಾಕಾ ಬೆನ್ನು ಮಾಡಿ ನೀರು ಕುಡಿಯುತ್ತಿದ್ದರು. ಗದೆ ಬದಲಾಯಿಸಿದ್ದನ್ನು ನಾನು ಹೇಳಲಿಲ್ಲ. ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಹೇಳಿದರೆ ಮೊದಲು ನಾಲ್ಕು ದಿನ ಬರೀ ಅದರ ಹದ ಹಿಡಿ ಎನ್ನುತ್ತಾರೆ, ಚಿತ್ರಕ್ಕೆ ಸಿಕ್ಕ ಮುಂಜಾವಿನ ಎಳೆಬೆಳಕು ಹೋಗುತ್ತದೆ, ಅಷ್ಟೇ ನನ್ನ ಲೆಕ್ಕ.

ಎರಡು ಸುತ್ತು ಚೆನ್ನಾಗಿ ಬಂತು. ಮೂರನೆಯದಕ್ಕೆ ಫೋನಿನ ಕಡೆ ನೋಡುತ್ತಾ ಜೋರು ಕೊಟ್ಟೆ. ಹಿಂದೆ ಠಪ್ ಎಂದಿತು. ಒಣ ಕಡ್ಡಿ ಮುರಿದಂಥ ಇನ್ನೊಂದು ಸದ್ದೂ ಅದರೊಳಗೇ ಇತ್ತು.

ಕಾಕಾ ಕೂಗಲಿಲ್ಲ. "ಸಾಕು ಇವತ್ತಿಗಿ," ಎಂದರು. ತಿರುಗಿ ನೋಡಿದರೆ ಬಲಗೈಯನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಹಣೆಯ ಮೇಲೆ ಬೆವರು. ಆದರೆ ನೋಡಿ, ಮನುಷ್ಯನ ಬುದ್ಧಿ ಎಂಥದ್ದು. ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮೊದಲ ಮಾತು 'ತಪ್ಪಾಯಿತು' ಎಂದಲ್ಲ.

"ಕಾಕಾ, ಲಿಫ್ಟಿನ ಬಾಗಲಾ ಬಡೀತು ಅಂತ ಹೇಳೋಣ್ರೀ. ಗದಾ ಅಂದ್ರ ಸೊಸೈಟಿಯವ್ರು ಟೆರೇಸ್ ಬಂದ್ ಮಾಡ್ತಾರ. ನನ್ನ ಹೆಸರೂ..."

ಮುಂದಿನದನ್ನು ನಾನು ನುಂಗಿದೆ. ಕಾಕಾ ನನ್ನ ಮುಖ ನೋಡಿದರು. "ನನ್ನ ಬಾಗಲಾನ?" ಎಂದು ಮಾತ್ರ ಕೇಳಿದರು. ನಾನು ತಲೆ ತಗ್ಗಿಸಿದೆ. "ಆತು. ಹಂಗ ಅನ್ನೂಣು," ಎಂದರು.

ದವಾಖಾನೆಗೆ ನಾನೇ ಕರೆದೊಯ್ದೆ. ಎರಡು ಬೆರಳಿನ ಎಲುಬು ಮುರಿದಿತ್ತು. ಹೇಗಾಯಿತೆಂದು ಕೇಳಿದಾಗ ಲಿಫ್ಟಿನ ಬಾಗಿಲು ಎಂದು ನಾನೇ ಹೇಳಿದೆ. ಖೋಲಿಗೆ ಕರೆತಂದು ಕಾಕುಗೂ ನಾನೇ ಹೇಳಿದೆ. ಕಾಕು ಗಂಡನ ಕೈಯನ್ನು ತಿರುವಿ ಮುರುವಿ ನೋಡಿ, "ಲಿಫ್ಟಿನ ಬಾಗಲಾ?" ಎಂದು ಗಂಡನನ್ನು ಕೇಳಿದರು. "ಹೂಂ," ಎಂದು ಕಾಕಾ ಗೋಡೆಯ ಕಡೆ ನೋಡಿದರು. "ನೀವೂ ಅಲ್ಲೇ ಇದ್ರೇನು?" ಎಂದು ನನ್ನನ್ನು ಕೇಳಿದರು. "ಇದ್ದೆ ಕಾಕು. ಬಾಗಲಾನ," ಎಂದೆ.

ಮೂರು ದಿನ ಬಿಟ್ಟು ಹಣ್ಣು ತೆಗೆದುಕೊಂಡು ಹೋದೆ. ಚಾಳಿನ ಮೆಟ್ಟಿಲ ಮೇಲೆ ಕಾಕು ಸಿಕ್ಕರು. ಒಂದು ಕೊಡ ಸೊಂಟದಲ್ಲಿ, ಒಂದು ಕೈಯಲ್ಲಿ. ಮಂಡಿನೋವಿನ ಹೆಂಗಸು, ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ನನ್ನ ಕೈ ಮುಂದೆ ಹೋಯಿತು, ದೇವರಾಣೆ ಹೋಯಿತು. ಅರ್ಧಕ್ಕೆ ನಿಂತಿತು. ಈ ಕೊಡ ಇಸಿದುಕೊಂಡರೆ ಏನರ್ಥ ಎಂದು ನನಗೂ ಗೊತ್ತು, ಆಕೆಗೂ ಗೊತ್ತಿರಲೇಬೇಕು, ಅದೇ ಊರಿನವರು. ಬೇರೆ ಯಾರ ಮನೆಯ ನೀರನ್ನಾದರೂ ಹೊತ್ತೇನು, ಈ ಮನೆಯದನ್ನು ಹೊತ್ತರೆ ಒಪ್ಪಿಕೊಂಡ ಹಾಗೆ. ಗೋಡೆಗೆ ಸರಿದು ದಾರಿ ಬಿಟ್ಟೆ. ಆಕೆ ಹತ್ತಿ ಹೋದರು, ನಾನು ಹಣ್ಣಿನ ಚೀಲ ಹಿಡಿದು ಹಿಂದೆ ಹೋದೆ.

ಬಾಗಿಲಲ್ಲಿ ಇನ್ನೊಂದು ಕೊಡವಿತ್ತು. ಖಾಲಿ. ಚಾಳಿನಲ್ಲಿ ಎಲ್ಲರ ಬಾಗಿಲಲ್ಲೂ ಕೊಡ ಬಕೀಟು ಇರುತ್ತವಪ್ಪಾ ಎಂದುಕೊಂಡು ಅದನ್ನು ದಾಟಿ ಒಳಗೆ ಹೋದೆ. ಎರಡನೆಯ ವಾರವೂ ಅದು ಅಲ್ಲೇ ಇತ್ತು. ಮೂರನೆಯ ವಾರ ನಾನು ಹೋಗುವುದನ್ನೇ ಬಿಟ್ಟೆ. ಕ್ಲಾಸು ಹೆಚ್ಚಾಗಿದೆ ಎಂದು ಕಾಕಾಗೆ ಫೋನಿನಲ್ಲಿ ಹೇಳಿದೆ.

ಕ್ಲಾಸು ಹೆಚ್ಚಾದದ್ದು ಸುಳ್ಳಲ್ಲ. ಮೊದಲಿನ ಎರಡು ಸುತ್ತನ್ನು ಕತ್ತರಿಸಿ ರೀಲ್ ಹಾಕಿದ್ದೆ. ಚೌಕಟ್ಟಿನ ಅಂಚಿನಲ್ಲಿ ಕಾಕಾ ಅವರ ಅಂಗೈ ಕಾಣುತ್ತಿತ್ತು, ಅದಕ್ಕೇ ಒಂದಿಷ್ಟು ಒಳಗೆ ಎಳೆದು ಆ ಕೈಯನ್ನು ತೆಗೆದುಬಿಟ್ಟೆ. ಹೆಸರಿಟ್ಟೆ: 'ಅರ್ಜುನ್ ಪಾಜ್', ಗದೆ ಬೆನ್ನ ಹಿಂದೆ ಒಂದು ಗಳಿಗೆ ತಡೆದು ನಿಲ್ಲುತ್ತದಲ್ಲ, ಅದಕ್ಕೆ. ನನ್ನ ಹೆಸರು, ಅವರ ತೊಟ್ಟಿಲು. ಕಾಕಾ ತಾವೇ ಗುರು ಅಲ್ಲ ಎಂದಿದ್ದಾರಲ್ಲ, ಮತ್ತೆ ಹೆಸರು ಹಾಕುವ ಪ್ರಶ್ನೆ ಎಲ್ಲಿ ಬಂತು ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ರೀಲ್ ಓಡಿತು. ಬಾಂದ್ರಾದಲ್ಲಿ ವರ್ಕ್‌ಶಾಪ್ ಮಾಡಿ ಎಂದು ಕರೆ ಬಂತು.

ಇತ್ತ ಬಿಲ್ಡಿಂಗಿನಲ್ಲಿ ಬೇರೆಯೇ ನಡೆದಿತ್ತು. ಆರನೆಯ ಮಾಳಿಗೆಯ ಡಾಕ್ಟರು ಪಾಠದ ನಡುವೆ ಸಹಜವಾಗಿ ಹೇಳಿದರು: ಸೊಸೈಟಿಯ ಮೀಟಿಂಗಿನಲ್ಲಿ ಲಿಫ್ಟಿನ ಮಾತು ಬಂತಂತೆ. ಇಪ್ಪತ್ತೆಂಟು ವರ್ಷದ ಲಿಫ್ಟ್‌ಮ್ಯಾನಿನ ಕೈಯೇ ಆ ಬಾಗಿಲಿಗೆ ಸಿಕ್ಕು ಮುರಿಯಿತು, ಇನ್ನು ನಮ್ಮ ಮಕ್ಕಳ ಗತಿಯೇನು ಎಂದು ಎಲ್ಲರೂ ಎದ್ದರಂತೆ. ಜಾಳಿಗೆಯ ಲಿಫ್ಟು ತೆಗೆದು ತಾನೇ ತೆರೆದು ಮುಚ್ಚುವ ಬಾಗಿಲಿನದ್ದು ಹಾಕುವುದೆಂದು ತೀರ್ಮಾನವಾಯಿತಂತೆ. ಅದಕ್ಕೆ ಲಿಫ್ಟ್‌ಮ್ಯಾನ್ ಬೇಕಿಲ್ಲ.

"ಸಂಗಪ್ಪ ಕಾಕಾ ಏನಂದ್ರು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಬಾಗಿಲು ಹಳೇದಾಗಿದೆ, ನಾನೂ ಹಳಬನಾದೆ ಅಂದರು," ಎಂದರು ಡಾಕ್ಟರು.

ಆ ಒಂದು ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಡಾಕ್ಟರು ಸೊಸೈಟಿಯ ಕಮಿಟಿಯಲ್ಲಿದ್ದವರು. 'ಬಾಗಿಲಲ್ಲ ಸರ್, ನನ್ನ ಗದೆ' ಎಂದು ನಾಲ್ಕು ಪದ ಹೇಳಿದ್ದರೆ ಕೆಲಸ ಉಳಿಯುತ್ತಿತ್ತೋ ಇಲ್ಲವೋ, ಆ ಮನುಷ್ಯನ ಮಾತಾದರೂ ಉಳಿಯುತ್ತಿತ್ತು. ಒಬ್ಬರ ಸೆರಗು ಸಿಗದ ಬಾಗಿಲು ಅದು. ನಾನು, "ಭುಜ ಸಡಿಲ ಬಿಡಿ ಸರ್," ಎಂದು ಪಾಠ ಮುಂದುವರಿಸಿದೆ.

ಕೊನೆಯ ದಿನ ಕಾಕಾ ತಾವೇ ಫೋನು ಮಾಡಿ ಟೆರೇಸಿಗೆ ಕರೆದರು. ಮರುದಿನದಿಂದ ಲಿಫ್ಟು ಬಿಚ್ಚುವವರಿದ್ದರು. ಕಾಕಾ ಮತ್ತು ಕಾಕು ವಿಜಯಪುರದಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಪಟ್ಟಿ ಬಿಚ್ಚಿದ ಕೈಯ ಎರಡು ಬೆರಳು ಸೊಟ್ಟಗಾಗಿ ಒಂದರ ಮೇಲೊಂದು ಬಿದ್ದಿದ್ದವು. ಗದೆಯ ಹಿಡಿಕೆ ಆ ಕೈಗೆ ನಿಲ್ಲುತ್ತಿರಲಿಲ್ಲ. ಅವರು ಅದನ್ನು ಎಡಗೈಯಲ್ಲಿ ನನ್ನ ಕಡೆ ಚಾಚಿದರು.

"ತಿರಗಸು. ತೊಟ್ಟಲಾ ಒಮ್ಮೆ ನೋಡಿ ಹೋಗ್ತೀನಿ."

ಹೇಳಿ ನನ್ನ ಹಿಂದೆ ಬಂದು ನಿಂತರು. ತಿರುಗಿ ನೋಡಿದೆ. ಸೊಂಟದ ಮಟ್ಟದಲ್ಲಿ ಎಡ ಅಂಗೈ ಬಿಚ್ಚಿ ಹಿಡಿದಿದ್ದರು.

"ಬ್ಯಾಡ್ರೀ ಕಾಕಾ!"

"ಯಾಕ? ಇದೊಂದು ಕೈ ಐತಲ್ಲ. ಅಂಜಿ ಬಿಟ್ರ ಭುಜಾ ಮತ್ತ ಕೆಡ್ತೈತಿ. ಮುಟ್ಟಿ ಹೋಗು."

ತಿರುಗಿಸಿದೆ. ಅವರ ಕಲ್ಲಿನ ಗದೆ ಬೆನ್ನ ಗುಂಟ ಇಳಿಯಿತು, ತೂಗಿತು, ಹಿಂದಕ್ಕೆ ಹೋಯಿತು. ಏನೂ ತಾಕಲಿಲ್ಲ. ಮತ್ತೊಮ್ಮೆ. ತಾಕಲಿಲ್ಲ. ಅರ್ಧ ಇಂಚಿನ ಹತ್ತಿರ ಹೋಗಿ ನನ್ನ ಭುಜ ತಾನೇ ಹಿಂಜರಿದುಬಿಡುತ್ತಿತ್ತು. ಐದು ಸಲ, ಆರು ಸಲ. ಕಾಕಾ ಅಂಗೈ ಅಲುಗಿಸಲಿಲ್ಲ, ಮುಂದೆ ತಂದು ತಾವೇ ಮುಟ್ಟಿಸಿಕೊಳ್ಳಲೂ ಇಲ್ಲ.

"ಮುಟ್ಟಲಿಲ್ಲಲ್ಲೋ ಮಲ್ಲೂ," ಎಂದರು ಕೊನೆಗೆ. ನನಗೆ ಅಳು ಬಂತು. ಅಳುತ್ತಲೇ, "ಕಾಕಾ, ನಾ ಕಾಕುನ ಮುಂದ..." ಎಂದು ಶುರು ಮಾಡಿದೆ. ಅವರು ಅಂಗೈ ಎತ್ತಿ ತಡೆದರು. ತಡೆದರೆಂದು ನಾನು ನಿಂತೆ. ನಿಲ್ಲಬಾರದಿತ್ತು.

ಗದೆಯನ್ನು ಲಿಫ್ಟಿನಲ್ಲಿಟ್ಟು, "ನೀ ಇದರ ಜೊತಿ ಹೋಗು, ನಾ ಮೆಟ್ಟಲಾ ಇಳದು ಬರ್ತೀನಿ," ಎಂದರು. ಸೊಟ್ಟ ಬೆರಳುಗಳ ಬಲಗೈಯಿಂದಲೇ ಬಾಗಿಲು ಎಳೆದರು. ಎಳೆಯುವ ಮೊದಲು, ಅಭ್ಯಾಸದಂತೆ, "ಕೈ ಒಳಗ," ಎಂದರು.

ಅದಾಗಿ ಒಂದೂವರೆ ವರ್ಷ. ಬಾಂದ್ರಾದ ವರ್ಕ್‌ಶಾಪು ಈಗ ನಾಲ್ಕು ಸಲ ನಡೆದಿದೆ. ಬೆನ್ನ ಹಿಂದೆ ಯಾರೂ ಇಲ್ಲದ ಕಡೆಯೂ ನನ್ನ ಗದೆ ಆ ಅರ್ಧ ಇಂಚು ಮೊದಲೇ ನಿಲ್ಲುತ್ತದೆ. ಜನ ಅದನ್ನೇ ಮೆಚ್ಚುತ್ತಾರೆ. "ಕ್ಯಾ ಕಂಟ್ರೋಲ್ ಹೈ, ಸರ್!" ಎನ್ನುತ್ತಾರೆ. ಅದು ಕಂಟ್ರೋಲ್ ಅಲ್ಲ, ಹೆದರಿಕೆ. ಭುಜದಲ್ಲಿ ಕಟಕ್ ಎನ್ನುವುದು ಮತ್ತೆ ಶುರುವಾಗಿದೆ. ನನ್ನ ಬಳಿ ಕಲಿಯುವವರ ಹಿಂದೆ ನಾನು ಅಂಗೈ ಹಿಡಿಯುವುದಿಲ್ಲ. ದಿಂಬು ಇಡುತ್ತೇನೆ.

ಕಳೆದ ತಿಂಗಳು ಕಾಕಾ ಅವರ ನಂಬರಿನಿಂದ ಫೋನು ಬಂತು. ಮಾತಾಡಿದವರು ಕಾಕು. ಕಾಕಾ ಹೋಗಿ ಹನ್ನೊಂದು ದಿನವಾಗಿತ್ತು. ಬೆಳಗ್ಗೆ ಎದ್ದವರು ಚಹಾ ಕುಡಿದು, ಗೋಡೆಗೆ ಒರಗಿ ಕೂತವರು ಹಾಗೇ ಹೋದರಂತೆ. ನಾನು, "ಕೈ ನೋವು ಬಹಳ ಇತ್ತೇನ್ರಿ?" ಎಂದು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ.

ಕಾಕು ಅದಕ್ಕೆ ಬೇರೆಯೇ ಹೇಳಿದರು.

"ಬಾಗಲಾ ಬಡದ್ರ ಬಟ್ಟಿನ ಮ್ಯಾಲ ಬಡೀತೈತಿ. ಅವ್ರ ಅಂಗೈ ಕರ್ರಗಾಗಿತ್ತು. ಗದಾ ಹಿಡಿಯೋರ ಮನ್ಯಾಗ ನಲವತ್ತು ವರ್ಷ ಬಾಳೇ ಮಾಡೀನಿ, ನನಗ ಅಷ್ಟು ತಿಳಿಯೂದಿಲ್ಲೇನು?"

"ಕಾಕಾ ಹೇಳಿದ್ರೇನು?"

"ಅವರ‍್ಯಾಕ ಹೇಳ್ತಾರ? ಸಾಯೂ ತನಕ ಲಿಫ್ಟಿನ ಬಾಗಲಾನ ಅಂದ್ರು. ನಾ ದಿನಾ ಮುಂಜಾನಿ ಖಾಲಿ ಕೊಡಾ ಬಾಗಲದಾಗ ಇಡತಿದ್ದೆ. ನೀವು ಬಂದು ದಾಟಿ ಹೋಗತಿದ್ರಿ. ಸಂಜಿಮುಂದ ಅವ್ರು ಎಡಗೈಲೆ ಅದನ್ನ ಒಳಗ ತಂದಿಡತಿದ್ರು. 'ಖಾಲಿ ಕೊಡಾ ಬಾಗಲದಾಗ ಇಡಬ್ಯಾಡ, ಅಪಶಕುನ' ಅಂತ ನನಗ ಬೈಯ್ಯೋರು. ಕೈ ಪಟ್ಟಿ ಬಿಚ್ಚೂ ತನಕ ಇಟ್ಟೆ. ಆಮ್ಯಾಲ ನಾನೂ ಬಿಟ್ಟೆ."

ನಾನು ಜಿಮ್ಮಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತಿದ್ದೆ. ಒಳಗೆ ಹನ್ನೆರಡು ಜನ ನನಗಾಗಿ ಕಾಯುತ್ತಿದ್ದರು. ಅಲ್ಲೇ, ಹೋಗಿಬರುವ ರಿಕ್ಷಾಗಳ ಗದ್ದಲದಲ್ಲಿ, ಒಂದೂವರೆ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ.

"ನನ್ನ ಕೈಲೆ ಆತ್ರೀ ಕಾಕು."

ಆ ಕಡೆ ಪಾತ್ರೆಯ ಸದ್ದು ಕೇಳಿಸಿತು. ನೀರು ಬೀಳುವ ಸದ್ದೂ ಕೇಳಿಸಿತು. ನಾಳೆಯೇ ಬಿಜಾಪುರದ ಗಾಡಿ ಹಿಡಿದು ಬರುತ್ತೇನೆ, ನಲವತ್ತು ದಿನ ಇರುತ್ತೇನೆ, ಎಲ್ಲಿಂದ ಬೇಕೋ ಅಲ್ಲಿಂದ ನೀರು ಹೊರುತ್ತೇನೆ ಎಂದೆ. ಅಳುತ್ತಾ ಇನ್ನೂ ಏನೇನೋ ಹೇಳಿದೆ. ಕಾಕು ಎಲ್ಲವನ್ನೂ ಕೇಳಿದರು. ಸಿಟ್ಟಾಗಲಿಲ್ಲ. ದನಿಯಲ್ಲಿ ಬಿಗಿಯೂ ಇರಲಿಲ್ಲ.

"ಇಲ್ಲಿ ಮನಿ ಒಳಗ ನಳಾ ಐತಿ ತಮ್ಮಾ," ಎಂದರು.